ಪಾನಾ ಗೋಣಿಚೀಲದಾಗ ಯಾಕ?

ಅಲ್ರೀ ವೈನಿ, ಸೌಟು, ಝಾರಿ, ಲಟ್ಟಣಿಗಿ ಎಲ್ಲಾ ನಾವು ಕೈಗೆ ಸಿಗೂ ಹಂಗ ಇಟ್ಟಿರ್ತೇವಿ. ಕತ್ತಲಾಗ ಕೈ ಚಾಚಿದ್ರೂ ಸಿಗ್ತಾವ. ಮತ್ತ ಪಕ್ಕಡ, ಪಾನಾ, ಸುತ್ತಿಗಿ ಮಾತ್ರ ಯಾಕ ಮೆಟ್ಟಲ ಕೆಳಗಿನ ಗೋಣಿಚೀಲದಾಗ?

ಹ್ವಾದ ತಿಂಗಳ ರಾತ್ರಿ ಹಿತ್ತಲ ನಳದ ವಾಶರ್ ಹೋತು. ಇವರು ಊರಾಗಿರಲಿಲ್ಲ. ಟಾಕಿ ವಾಲ್ವ್ ಬಿಗಿಯಾಗಿ ಕೂತಿತ್ತು, ಕೈಲೆ ತಿರಗವಲ್ದು. ಚೀಲಾ ಸುರುವಿ ಪಾನಾ ಹುಡುಕೂದ್ರಾಗ ಅರ್ಧಾ ಟಾಕಿ ನೀರು ಗಟಾರಕ್ಕ ಹೋತು. ಎಂಟು ದಿನಕ್ಕೊಮ್ಮೆ ನೀರು ಬಿಡೋ ಓಣ್ಯಾಗ ಅರ್ಧಾ ಟಾಕಿ ಅಂದ್ರ ಏನಂತ ನಿಮಗ ಬ್ಯಾರೆ ಹೇಳಬೇಕs? ಮರುದಿನ ಫೋನಿನ್ಯಾಗ ಇವರು, "ಚೀಲದ ತಳದಾಗ ಇತ್ತಲ್ಲ, ಕಾಣಲಿಲ್ಲೇನು?" ಅಂದ್ರು!

ಅವತ್ತs ಠರಾಯಿಸಿದೆ, ಪೆಗ್‌ಬೋರ್ಡ್ ಹಾಕಿಸೂದು. ಇಂಚಿಗೊಂದು ತೂತಿರೋ ಹಲಗಿ, ಕೊಕ್ಕಿ ಬೇಕಾದಲ್ಲೆ ಸಿಗಿಸಬಹುದು. "ಗ್ವಾಡಿ ಕೆಡ್ತದ" ಅಂದ್ರು ನಮ್ಮತ್ತಿ. ಸಾಮಾನಿಗೊಂದು ಮೊಳಿ ಹೊಡದ್ರ ಗಿಲಾವು ಉದುರ್ತದ. ಇದಕ್ಕ ನಾಕಾರು ಸ್ಕ್ರೂ ಸಾಕು. ಆದ್ರ ಹಲಗಿ ಗ್ವಾಡಿಗೆ ತಾಗಿಸಿ ಕೂಡಸಬ್ಯಾಡ್ರಿ. ಹಿಂದ ಅರ್ಧಾ ಇಂಚಿನ ಕಟ್ಟಿಗಿ ಪಟ್ಟಿ ಇರ್ಲಿಲ್ಲಂದ್ರ ಕೊಕ್ಕಿ ಒಳಗ ಹೋಗೂದs ಇಲ್ಲ. ಮಳಿಗಾಲಕ್ಕ ಹಸಿಯಾಗೋ ಗ್ವಾಡಿಗೆ ಹಾರ್ಡ್‌ಬೋರ್ಡ್ ಬ್ಯಾಡ, ನೀರು ಕುಡದು ಉಬ್ಬತದ. ತಗಡಿಂದು ತರ್ರಿ.

ಖರೇ ಜಗಳ ಎತ್ತರದ ಮ್ಯಾಲೆ. ಬಡಗ್ಯಾ ಬಂದವನs ತನ್ನ ತಲಿ ಮ್ಯಾಲೆ ಗುರ್ತು ಹಾಕಿದ. ನನಗ ಸ್ಟೂಲ್ ಬೇಕಾಗ್ತದಂದ್ರ, "ಸಾಹೇಬ್ರಿಗೆ ಎಟಕ್ತದಲ್ರೀ ಅಕ್ಕಾರ" ಅಂದ. ಅಳಿಸಿ ನನ್ನ ಭುಜದ ಮಟ್ಟಕ್ಕ ಹಾಕಿಸಿದೆ. ಅಮೇರಿಕಾದ ಟಿವ್ಯಾಗ ಅಡಗಿ ಕಲಿಸ್ತಿದ್ದ ಜೂಲಿಯಾ ಚೈಲ್ಡ್ ಆರಡಿ ಎರಡಿಂಚು ಎತ್ತರ. ಆಕಿ ಅಡಗಿಮನಿ ಕಟ್ಟಿ ಆಕಿಗೆ ಸರಿ ಆಗೂಹಂಗ 38 ಇಂಚಿಗೆ ಏರಿಸಿದ್ರು. ಗಂಡ ಪಾಲ್ ಪೆಗ್‌ಬೋರ್ಡ್ ಹಾಕಿ, ಯಾವ ಪಾತ್ರಿ ಎಲ್ಲೆ ಅಂತ ಅದರ ಸುತ್ತ ಗೆರಿ ಬರದು ಕೊಟ್ಟಾ. ಆ ಅಡಗಿಮನಿ ಈಗ ವಾಷಿಂಗ್ಟನ್‌ದ ಸ್ಮಿತ್ಸೋನಿಯನ್ ಮ್ಯೂಸಿಯಂದಾಗ ಅದ. ಕೆಲಸ ಮಾಡವ್ರ ಅಳತಿ ತಗೋಳೂದು ಅಂದ್ರ ಹಿಂಗ.

"ಹೆಂಗಸರ ಕೈಗೆ ಹೋದ್ರ ಸಾಮಾನು ಕಳೀತಾವ" ಅನ್ನೋ ಮಾತೂ ಬಂತು. ಅದಕ್ಕs ನಾನೂ ಮಾರ್ಕರ್‌ಲೆ ಒಂದೊಂದಕ್ಕೂ ಗೆರಿ ಎಳದೇನಿ. ಬೋರ್ಡು ಹಾಕಿ ಇಪ್ಪತ್ತು ದಿನಾತು. ಖಾಲಿ ಇರೋದು ಒಂದs ಗೆರಿ, ಟೆಸ್ಟರ್‌ದು. ಅದು ಇವರ ಸ್ಕೂಟರ್ ಡಿಕ್ಕ್ಯಾಗ ಅದ.