ಉದ್ದಕ್ಕೆ ಮರುಳಾಗಬೇಡಿ ಸ್ವಾಮಿ!

2022ರಲ್ಲಿ ಅಪ್ಪು ಅವರ ‘ಗಂಧದ ಗುಡಿ’ ನೋಡಿ ಬಂದ ಹುಡುಗರಿಗೆಲ್ಲ ಒಂದೇ ಹುಚ್ಚು: ಕಾಡು, ಕ್ಯಾಮೆರಾ, ಮಾರುದ್ದದ ಜೂಮ್ ಲೆನ್ಸ್! ನನಗೂ ಹಿಡೀತು. ಮರುವರ್ಷ ಗೆಳೆಯನ 150-600 ಲೆನ್ಸ್ ಇಸ್ಕೊಂಡು ಕಬಿನಿಗೆ ಹೋದೆ. ಮುಚ್ಚಂಜೆ ಹೊತ್ತಲ್ಲಿ ಹೀರೋ ಥರ ಎಂಟ್ರಿ ಕೊಟ್ಟಿತು ಚಿರತೆ. ಕ್ಲಿಕ್, ಕ್ಲಿಕ್! ಮನೆಗೆ ಬಂದು ನೋಡಿದರೆ ಚಿರತೆಯಲ್ಲ, ಚುಕ್ಕೆ ಬಿದ್ದ ಹೊಗೆ!

ಏನಾಯ್ತು? ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಆ ಲೆನ್ಸ್ 600ರಲ್ಲಿ ಎಫ್ 6.3ಕ್ಕಿಂತ ಬಾಯಿ ಬಿಡೋದಿಲ್ಲ. ಎಫ್ 2.8 ಆದರೆ ಅದರ ಐದು ಪಟ್ಟು ಬೆಳಕು! ಬೆಳಕು ಸಾಲದಿದ್ದರೆ ಷಟರ್ ನಿಧಾನ, ಓಡೋದೆಲ್ಲ ಮಸುಕು. ಐಎಸ್‌ಒ ಏರಿಸಿದರೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ.

ಅದಕ್ಕೇ, ಕೊಳ್ಳೋ ಮುಂಚೆ ಎರಡೇ ಪ್ರಶ್ನೆ: ಎಷ್ಟು ದೂರ, ಎಂಥ ಬೆಳಕು? ಒಳಾಂಗಣದ ಕಬಡ್ಡಿ, ಷಟಲ್‌ಗೆ 70-200, ಎಫ್ 2.8. ಹಗಲು ಹೊತ್ತಿನ ಹಕ್ಕಿ, ಕ್ರಿಕೆಟ್‌ಗೆ 150-600 ಧಾರಾಳ. ಎರಡೂ ಒಂದರಲ್ಲೇ ಬೇಕು ಅಂದರೆ ಲಕ್ಷಗಟ್ಟಲೆ; ಹೊಲ ಮಾರಬೇಡಿ! ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡಿ.

ನನ್ನ ಗೆಳೆಯ? ಆ ಲೆನ್ಸಿನ ಸಾಲ ತೀರಿಸೋಕೆ ಮದುವೆ ಫೋಟೋ ತೆಗೀತಿದ್ದಾನೆ. ಛತ್ರದೊಳಗೆ ಅದನ್ನ ಹಿಡಿದರೆ ವಧೂವರರು ಬೇಡ, ಮೂಗು ಮಾತ್ರ ಬರುತ್ತೆ!