ಮನೆಗಾಗಿ ಕಾಯುತ್ತಿರುವ ನಿಕಾಹ್

ನಿಶ್ಚಿತಾರ್ಥವಾಗಿ ಮೂರು ವರ್ಷ ಕಳೆದಿದೆ. ಹುಡುಗ ಗಲ್ಫ್‌ನಲ್ಲಿ ದುಡಿಯುತ್ತಿದ್ದಾನೆ. ಹುಡುಗಿ ಊರಿನ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಎರಡೂ ಮನೆಯವರಿಗೆ ಒಪ್ಪಿಗೆಯಿದೆ. ಮಸೀದಿ ಇದೆ, ಖಾಝಿಯವರಿದ್ದಾರೆ, ಸಾಕ್ಷಿ ನಿಲ್ಲಲು ಊರಿಗೆ ಊರೇ ಇದೆ. ಇಲ್ಲದಿರುವುದು ಒಂದು ಸ್ವಂತ ಮನೆ ಮಾತ್ರ. ‘ಮೊದಲು ಮನೆಯಾಗಲಿ, ಆಮೇಲೆ ನಿಕಾಹ್’ ಎಂದು ಹಿರಿಯರು ಹೇಳುತ್ತಾರೆ. ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ದಿನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನಮ್ಮ ಪಟ್ಟಣಗಳ ಮುಸ್ಲಿಮ್ ಕುಟುಂಬಗಳಿಗೆ ಈ ಚಿತ್ರ ಅಪರಿಚಿತವಲ್ಲ.

ಮನೆಯ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎರಡು ಕೋಣೆಗಳ ಮನೆಯಲ್ಲಿ ಮೂವರು ಸಹೋದರರ ಸಂಸಾರಗಳು ಇಕ್ಕಟ್ಟಿನಲ್ಲಿ ಬದುಕುವಾಗ ಹೊಸ ಸೊಸೆಯ ಪರ್ದಾಕ್ಕೂ ನೆಮ್ಮದಿಗೂ ಎಷ್ಟು ಧಕ್ಕೆಯಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಪವಿತ್ರ ಕುರ್‌ಆನಿನ ಅತ್ತಲಾಖ್ ಅಧ್ಯಾಯದ 6ನೇ ಸೂಕ್ತವು ಇದ್ದತ್‌ನಲ್ಲಿರುವ ಸ್ತ್ರೀಗೂ ತನ್ನ ಅನುಕೂಲಕ್ಕೆ ತಕ್ಕಂತೆ ವಸತಿ ಒದಗಿಸಬೇಕೆಂದು ಪುರುಷನಿಗೆ ಆದೇಶಿಸುತ್ತದೆ. ಪತ್ನಿಗೆ ವಸತಿ ನೀಡುವುದು ಪತಿಯ ಹೊಣೆ ಎಂಬುದರಲ್ಲಿ ಫಿಕ್‌ಹ್ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಶರೀಅತ್ ಕೇಳಿರುವುದು ವಸತಿಯನ್ನೇ ಹೊರತು ಕ್ರಯಪತ್ರವನ್ನಲ್ಲ. ಅನುಕೂಲಕ್ಕೆ ತಕ್ಕ ಬಾಡಿಗೆ ಮನೆಯೂ ವಸತಿಯೇ. ‘ವಸತಿ’ಯನ್ನು ‘ಸ್ವಂತ ಮನೆ’ಯನ್ನಾಗಿ ತಿದ್ದಿದವರು ನಾವು, ಅಲ್ಲಾಹನಲ್ಲ.

ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ವಿವಾಹವಾಗಬಯಸಿ ಬಂದವನೊಬ್ಬನಲ್ಲಿ ಮಹ್ರ್ ಕೊಡಲು ಕಬ್ಬಿಣದ ಉಂಗುರವೂ ಇರಲಿಲ್ಲ. ಅವನಿಗೆ ಕಂಠಪಾಠವಿದ್ದ ಕುರ್‌ಆನಿನ ಭಾಗಗಳ ಆಧಾರದಲ್ಲೇ ನಿಕಾಹ್ ನೆರವೇರಿತು. ಹಝ್ರತ್ ಅಲೀ(ರ)ಯವರು ತಮ್ಮ ಕವಚವನ್ನು ಮಹ್ರ್‌ಗಾಗಿ ಮುಡಿಪಾಗಿಟ್ಟರು. ಆ ದಂಪತಿಗೆ ಪ್ರವಾದಿ(ಸ)ಯವರ ಮನೆಯ ಸಮೀಪದಲ್ಲಿ ವಾಸಕ್ಕೆ ತಮ್ಮ ಮನೆಯನ್ನು ಬಿಟ್ಟುಕೊಟ್ಟವರು ಹಾರಿಸ ಬಿನ್ ನುಅಮಾನ್(ರ) ಎಂಬ ಅನ್ಸಾರಿ ಸಹಾಬಿ. ಅಂದು ವರನ ಬಳಿ ಮನೆಯಿಲ್ಲವೆಂದು ಮದುವೆ ನಿಲ್ಲಲಿಲ್ಲ, ಸಮಾಜವೇ ಮುಂದೆ ಬಂದು ಮನೆ ಕೊಟ್ಟಿತು. ಇಂದು ನಮ್ಮ ಸಮಾಜ ಮನೆಯನ್ನು ಕೊಡುವುದಿಲ್ಲ, ಮನೆಯನ್ನು ಕೇಳುತ್ತದೆ. ವಿಪರ್ಯಾಸವಲ್ಲವೇ?

ಈ ‘ಕೇಳುವಿಕೆ’ಯ ಹಿಂದಿರುವ ಲೆಕ್ಕಾಚಾರವನ್ನೂ ಅರ್ಥ ಮಾಡಿಕೊಳ್ಳಬೇಕಾಗಿದೆ. 20 ಲಕ್ಷ ರೂಪಾಯಿಗಳನ್ನು ಶೇ. 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಸಾಲ ಪಡೆದರೆ ತಿಂಗಳಿಗೆ ಸುಮಾರು 18 ಸಾವಿರ ರೂಪಾಯಿ ಕಂತು ಕಟ್ಟಬೇಕು. ಕೊನೆಗೆ ಕಟ್ಟಿದ ಮೊತ್ತ 43 ಲಕ್ಷ ದಾಟುತ್ತದೆ. ಪಡೆದ ಅಸಲಿಗಿಂತ ತೆತ್ತ ಬಡ್ಡಿಯೇ ಹೆಚ್ಚು. ಬಡ್ಡಿಯಿಂದ ದೂರವಿರಬಯಸುವ ಯುವಕನ ಮುಂದೆ ಬೇರೆ ದಾರಿಗಳು ತೀರಾ ಕಡಿಮೆ. ಬಡ್ಡಿರಹಿತ ಬ್ಯಾಂಕಿಂಗ್ ವ್ಯವಸ್ಥೆಯ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಬ್ರಿಟನ್ನಿನಂತಹ ದೇಶದಲ್ಲಿ 2004ರಿಂದಲೇ ಇಸ್ಲಾಮಿ ಬ್ಯಾಂಕ್ ಕಾರ್ಯಾಚರಿಸುತ್ತಿರುವಾಗ, ಕೋಟ್ಯಂತರ ಮುಸ್ಲಿಮರಿರುವ ನಮ್ಮ ದೇಶದಲ್ಲಿ ಅದರ ಬಾಗಿಲು ತೆರೆಯಲಿಲ್ಲ. ಉಳಿತಾಯ ಮಾಡಿಯೇ ಮನೆ ಕಟ್ಟುತ್ತೇನೆಂದು ಹೊರಟವನ ಉಳಿತಾಯಕ್ಕಿಂತ ನಿವೇಶನದ ಬೆಲೆ ವೇಗವಾಗಿ ಓಡುತ್ತದೆ. ಕೊನೆಗೆ ಕಣ್ಣು ಎಲ್ಲಿಗೆ ಹೊರಳುತ್ತದೆ? ಹುಡುಗಿಯ ತಂದೆಯ ಕಡೆಗೆ.

‘ನಮಗೆ ವರದಕ್ಷಿಣೆ ಬೇಡ, ಮಕ್ಕಳಿಗೆ ಇರಲೊಂದು ಮನೆಗೆ ನೀವೂ ಸ್ವಲ್ಪ ಕೈ ಜೋಡಿಸಿದರೆ ಸಾಕು’ ಎನ್ನುವ ಸೌಮ್ಯ ಭಾಷೆ ಈಗ ಚಾಲ್ತಿಯಲ್ಲಿದೆ. ವರದಕ್ಷಿಣೆ ವಿರೋಧಿ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರ ಬಾಯಿಂದಲೂ ಈ ಮಾತು ಬರುವುದಿದೆ. ಹೆಸರು ಬದಲಿಸಿದ ಮಾತ್ರಕ್ಕೆ ಹರಾಮ್ ಹಲಾಲ್ ಆಗದು. ವಿವಾಹಕ್ಕೆ ಸಂಬಂಧಿಸಿ ವಿವಾಹಕ್ಕೆ ಮೊದಲಾಗಲೀ, ಆ ಸಮಯದಲ್ಲಾಗಲೀ, ಅನಂತರವಾಗಲೀ ಕೊಡುವ ಅಥವಾ ಕೊಡಲೊಪ್ಪುವ ಆಸ್ತಿಯೆಲ್ಲವೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮಹ್ರ್ ಅನ್ನು ಮಾತ್ರ ಅದೇ ಕಾಯ್ದೆ ಹೊರಗಿಟ್ಟಿದೆ. ಮನೆ ಕಟ್ಟಲು ಹಣ ಕೇಳುವುದೂ ವರದಕ್ಷಿಣೆಯೇ ಎಂದು ಸುಪ್ರೀಮ್ ಕೋರ್ಟ್ 2022ರ ಜನವರಿಯಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆ ಪ್ರಕರಣದಲ್ಲಿ ಗರ್ಭಿಣಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಿದ್ದಳು. ತವರಿನಲ್ಲಿ ಹಣ ಕೇಳಿದ್ದು ಅವಳೇ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅವಳ ಬಾಯಿಂದ ಆ ಮಾತು ಆಡಿಸಿದ ಪರಿಸ್ಥಿತಿಯನ್ನು ನೋಡಿತು. ನಮ್ಮ ಮನೆಗಳಲ್ಲೂ ‘ಸೊಸೆಯೇ ಕೇಳಿದ್ದು, ನಾವೇನೂ ಹೇಳಿಲ್ಲ’ ಎನ್ನುವವರು ಈ ತೀರ್ಪನ್ನೊಮ್ಮೆ ನೆನೆಯಲಿ.

ಈಗ ಇನ್ನೊಂದು ಹೊಸ ರೂಪ ಕಾಣಿಸಿಕೊಂಡಿದೆ. ಹೆಣ್ಣುಮಕ್ಕಳು ಕಲಿತಿದ್ದಾರೆ, ದುಡಿಯುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ನಿಶ್ಚಿತಾರ್ಥವಾದ ಮರುತಿಂಗಳಿನಿಂದಲೇ ಹುಡುಗಿಯ ಸಂಬಳದ ಒಂದು ಪಾಲು ‘ನಮ್ಮಿಬ್ಬರ ಮನೆಗೆ’ ಎಂದು ಹುಡುಗನ ಖಾತೆಗೆ ಹೋಗತೊಡಗುತ್ತದೆ. ಉಪ್ಪ ಕೊಟ್ಟ ಚಿನ್ನವೂ ಮಾರಾಟವಾಗುತ್ತದೆ. ನಿವೇಶನದ ಪತ್ರ ಮಾತ್ರ ಹುಡುಗನ ಹೆಸರಿನಲ್ಲಿ, ಇಲ್ಲವೇ ಅವನ ತಂದೆಯ ಹೆಸರಿನಲ್ಲಿ ನೋಂದಣಿಯಾಗುತ್ತದೆ. ಯಾವುದೋ ಕಾರಣಕ್ಕೆ ಸಂಬಂಧ ಮುರಿದು ಬಿದ್ದರೆ ಅವಳ ಕೈಯಲ್ಲಿ ಉಳಿಯುವುದೇನು? ಒಂದು ಚೀಟಿಯೂ ಇರುವುದಿಲ್ಲ. ಕೇಳಿದರೆ ‘ನಂಬಿಕೆಯಿಲ್ಲವೇ?’ ಎಂಬ ಪ್ರಶ್ನೆ ಎದುರಾಗುತ್ತದೆ.

ನಿಶ್ಚಿತಾರ್ಥ ಒಂದು ವಾಗ್ದಾನವೇ ಹೊರತು ನಿಕಾಹ್ ಅಲ್ಲ. ಶರೀಅತ್‌ನ ದೃಷ್ಟಿಯಲ್ಲಿ ಅವರಿಬ್ಬರೂ ಪರಸ್ಪರ ಅನ್ಯರು. ದೇಶದ ಕಾನೂನು ಕೂಡಾ ಅವರನ್ನು ಒಂದು ಕುಟುಂಬವೆಂದು ಕಾಣುವುದಿಲ್ಲ. ಬಹುತೇಕ ಬ್ಯಾಂಕುಗಳು ಜಂಟಿ ಸಾಲಕ್ಕೆ ಪತಿ-ಪತ್ನಿಯರನ್ನು ಅಥವಾ ಹತ್ತಿರದ ರಕ್ತಸಂಬಂಧಿಗಳನ್ನು ಬಯಸುತ್ತವೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯು ಕುಟುಂಬವೆಂದರೆ ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳು ಎಂದು ಹೇಳಿತು. ಬೇನಾಮಿ ವ್ಯವಹಾರ ತಡೆ ಕಾಯ್ದೆಯು 2016ರಲ್ಲಿ ತಿದ್ದುಪಡಿಯಾಗಿ ಬಿಗಿಗೊಂಡಿದೆ. ತನ್ನ ಘೋಷಿತ ಆದಾಯದಿಂದ ಪತಿ ಅಥವಾ ಪತ್ನಿಯ ಹೆಸರಿನಲ್ಲಿ ಆಸ್ತಿ ಕೊಳ್ಳುವುದಕ್ಕೆ ಅದರಲ್ಲಿ ವಿನಾಯಿತಿಯಿದೆ. ಮದುವೆ ನಿಶ್ಚಯವಾದವರಿಗೆ ಅಂತಹ ವಿನಾಯಿತಿಯನ್ನು ಅದು ಹೇಳಿಲ್ಲ. ಒಬ್ಬರ ಹಣದಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಮಾಡಲು ಹೊರಡುವವರು ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು. ನಿಕಾಹ್‌ಗೆ ಮುನ್ನ ಮನೆ ಎಂಬ ಕ್ರಮ ದೀನಿಗೂ ಹಿತವಲ್ಲ, ದುನಿಯಾಕ್ಕೂ ಸುರಕ್ಷಿತವಲ್ಲ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದಾಗಿ, ನಿಕಾಹ್ ನಡೆಯಲಿ, ಮನೆ ಅನಂತರ ಬರಲಿ. ಅವಿವಾಹಿತರ ವಿವಾಹ ಮಾಡಿಸಿರಿ, ಅವರು ಬಡವರಾಗಿದ್ದರೆ ಅಲ್ಲಾಹನು ತನ್ನ ಅನುಗ್ರಹದಿಂದ ಅವರನ್ನು ಸಂಪನ್ನಗೊಳಿಸುವನು ಎಂಬ ಆಶಯದ ಆದೇಶ ಅನ್ನೂರ್ ಅಧ್ಯಾಯದ 32ನೇ ಸೂಕ್ತದಲ್ಲಿದೆ. ಅದು ಸಮಾಜವನ್ನು ಉದ್ದೇಶಿಸಿದ ಆದೇಶ. ಒಂದು ದಿನದ ಸಭಾಂಗಣಕ್ಕೂ ಸಾವಿರ ಜನರ ಬಿರಿಯಾನಿಗೂ ಸುರಿಯುವ ಹಣವನ್ನು ಉಳಿಸಿದರೆ ಬಾಡಿಗೆ ಮನೆಯ ಮುಂಗಡ ಕೊಟ್ಟು, ಪಾತ್ರೆಪಗಡಿ ಕೊಂಡು, ಒಂದಷ್ಟು ತಿಂಗಳ ಬಾಡಿಗೆಯನ್ನೂ ಎತ್ತಿಡಬಹುದು. ಈ ದುಂದುವೆಚ್ಚ ಮಾಡಲು ಹಣವಿರುವ ಕುಟುಂಬ ‘ಮನೆಗೆ ಹಣವಿಲ್ಲ’ ಎಂದರೆ ನಂಬುವವರಾರು?

ಎರಡನೆಯದಾಗಿ, ಹಣದ ವ್ಯವಹಾರ ಲಿಖಿತವಾಗಿರಲಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ? ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡುವುದರ ಬಗ್ಗೆ. ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತವನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಸುಂದರವಾಗಿ ಪಠಿಸುತ್ತಾರೆ. ಮನೆಯಲ್ಲಿ ಹಣ ಕೊಡುವಾಗ ಮಾತ್ರ ಅದು ನಮಗೆ ನೆನಪಾಗುವುದಿಲ್ಲ. ಬರೆದಿಡುವುದು ಅಪನಂಬಿಕೆಯ ಲಕ್ಷಣವಾಗಿದ್ದರೆ ಅಲ್ಲಾಹನು ಅದನ್ನು ಆದೇಶಿಸುತ್ತಿದ್ದನೇ? ಯಾರು ಎಷ್ಟು ಕೊಟ್ಟರು, ಅದು ಸಾಲವೋ ಕೊಡುಗೆಯೋ ಪಾಲೋ ಎಂಬುದು ಕಾಗದದಲ್ಲಿರಲಿ. ಹಣವೂ ಕೈಯಿಂದ ಕೈಗೆ ಹೋಗುವ ಬದಲು ಬ್ಯಾಂಕ್ ಖಾತೆಯ ಮೂಲಕ ಹೋಗಲಿ.

ಮೂರನೆಯದಾಗಿ, ಪತ್ನಿಯ ಹಣವಿದ್ದಲ್ಲಿ ಪತ್ನಿಯ ಹೆಸರೂ ಇರಲಿ. ಪುರುಷರ ಗಳಿಕೆ ಪುರುಷರಿಗೆ, ಸ್ತ್ರೀಯರ ಗಳಿಕೆ ಸ್ತ್ರೀಯರಿಗೆ ಎಂಬ ತತ್ವವನ್ನು ಅನ್ನಿಸಾ ಅಧ್ಯಾಯದ 32ನೇ ಸೂಕ್ತ ಕಲಿಸುತ್ತದೆ. ನಿಕಾಹ್ ಆದ ಮಾತ್ರಕ್ಕೆ ಅವಳ ಸಂಪಾದನೆ ಗಂಡನದಾಗುವುದಿಲ್ಲ. ಇಬ್ಬರ ಹೆಸರಿನಲ್ಲಿ ಕೊಂಡ ಆಸ್ತಿಯಲ್ಲಿ ಅವರವರು ಹಾಕಿದ ಹಣಕ್ಕೆ ತಕ್ಕ ಪಾಲು ಅವರವರದು ಎಂದೂ, ಅದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದು ಭಾವಿಸಬೇಕೆಂದೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮು ಹೇಳುತ್ತದೆ. ಆದರೆ ಪತ್ರದಲ್ಲಿ ಹೆಸರೇ ಇಲ್ಲದವಳಿಗೆ ಆ ಕಲಮಿನಿಂದ ಏನು ಪ್ರಯೋಜನ? ಶಕ್ತನಾದ ವರನು ಮನೆಯ ಒಂದು ಪಾಲನ್ನೇ ಮಹ್ರ್ ಆಗಿ ನೋಂದಾಯಿತ ಪತ್ರದ ಮೂಲಕ ನೀಡಲಿ. ಕಪಾಟಿನೊಳಗಿನ ಚಿನ್ನಕ್ಕಿಂತ ತಲೆಯ ಮೇಲಿನ ಸೂರು ಅವಳಿಗೆ ಹೆಚ್ಚಿನ ಭದ್ರತೆ ಕೊಡುತ್ತದೆ.

ಇಷ್ಟನ್ನೆಲ್ಲ ಯುವಕ-ಯುವತಿಯರ ಹೆಗಲಿಗೆ ಹೊರಿಸಿ ಜಮಾಅತ್‌ಗಳು ಸುಮ್ಮನಿರುವಂತಿಲ್ಲ. ಮದುವೆ ನೋಂದಣಿಗೆ ಬಂದವರಲ್ಲಿ ಮಹ್ರ್ ಎಷ್ಟೆಂದು ಕೇಳುವ ಕಮಿಟಿಯು ‘ಮನೆಗೆಂದು ಹುಡುಗಿಯ ಕಡೆಯಿಂದ ಏನಾದರೂ ಪಡೆದಿದ್ದೀರಾ?’ ಎಂದೂ ಕೇಳಲಿ. ಬೈತುಲ್ ಮಾಲ್ ಇರುವ ಕಡೆ ನವದಂಪತಿಗಳ ಬಾಡಿಗೆ ಮುಂಗಡಕ್ಕೆ ಬಡ್ಡಿರಹಿತ ಸಾಲ ದೊರೆಯುವಂತಾಗಲಿ. ಹೆಸರು ಕೇಳಿದ ಕೂಡಲೇ ‘ಮನೆ ಬೇರೆಯವರಿಗೆ ಕೊಟ್ಟಾಯಿತು’ ಎಂದು ಬಾಗಿಲು ಮುಚ್ಚುವ ಮಾಲಕರಿರುವ ಊರುಗಳಲ್ಲಿ ನಮ್ಮ ಯುವಕರು ಅಲೆದಾಡುತ್ತಿದ್ದಾರೆ. ಈ ತಾರತಮ್ಯವನ್ನು ನಾವು ಖಂಡಿಸುತ್ತೇವೆ, ಸರಕಾರ ಇದನ್ನು ಕಾನೂನಿನ ಮೂಲಕ ತಡೆಯಬೇಕೆಂದು ಒತ್ತಾಯಿಸುತ್ತೇವೆ. ಜೊತೆಗೆ ನಮ್ಮದೇ ಸಮುದಾಯದ ಕಟ್ಟಡ ಮಾಲಕರನ್ನೂ ಕೇಳುತ್ತೇವೆ: ಬೇರೆಡೆ ಮನೆ ಸಿಗದೆ ನಿಮ್ಮ ಬಳಿಗೆ ಬಂದ ನವದಂಪತಿಯ ಅಸಹಾಯಕತೆಯನ್ನು ಕಂಡು ನೀವು ಬಾಡಿಗೆ ಇಳಿಸಿದಿರೋ, ಏರಿಸಿದಿರೋ?

ಹಾರಿಸ(ರ)ರು ಬಿಟ್ಟುಕೊಟ್ಟದ್ದು ಅರಮನೆಯನ್ನಲ್ಲ. ಆದರೆ ಆ ಬಾಗಿಲು ತೆರೆದದ್ದರಿಂದ ಒಂದು ಸಂಸಾರ ಆರಂಭವಾಯಿತು. ನಮ್ಮ ಊರಿನಲ್ಲಿ ಮನೆಗಾಗಿ ಕಾಯುತ್ತಿರುವ ನಿಕಾಹ್‌ಗಳೆಷ್ಟು ಎಂದು ಪ್ರತಿಯೊಂದು ಜಮಾಅತ್ ಈ ಶುಕ್ರವಾರ ಎಣಿಸಿ ನೋಡಲಿ. ಅವುಗಳಲ್ಲಿ ಒಂದನ್ನಾದರೂ ಈ ವರ್ಷ ನಡೆಸಿಕೊಡುವ ಹೊಣೆಯನ್ನು ಹೊರಲಿ.