ಸಿಟ್ಟು ನ್ಯಾಯದ್ದು, ಲೆಕ್ಕ ತಪ್ಪಿತು

1990ರಲ್ಲಿ ನಾನು ಅಮೆರಿಕದ ಮೇರಿಲ್ಯಾಂಡಿನಲ್ಲಿ ಲೆಕ್ಕಪತ್ರದ ಕೆಲಸಕ್ಕಿದ್ದೆ. ಮನೆ ಮಾಲೀಕ ಹಾರ್ಡ್‌ವೇರ್ ಅಂಗಡಿಯವನು, ಅಪ್ಪಟ ರಿಪಬ್ಲಿಕನ್. ಜೂನ್ ಕೊನೆಯ ಒಂದು ಸಂಜೆ ಅವನು ತನ್ನ ಪಿಕಪ್ ಗಾಡಿಯ ಹಿಂದಿದ್ದ ಬುಷ್ ಸ್ಟಿಕರನ್ನು ಬ್ಲೇಡಿನಿಂದ ಕೆರೆಯುತ್ತಿದ್ದ. ಅರ್ಧ ಕಿತ್ತು ಬಂದಿತ್ತು, ಉಳಿದರ್ಧ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ‘ತೆರಿಗೆ ಕಟ್ಟೋಣ, ಅದಲ್ಲ. ಮಾತು ಕೊಟ್ಟಿದ್ದ’ ಎಂದ.

ಮಾತು ಕೊಟ್ಟಿದ್ದು ನಿಜ. 1988ರ ಆಗಸ್ಟಿನಲ್ಲಿ ನ್ಯೂ ಆರ್ಲಿಯನ್ಸ್‌ನ ರಿಪಬ್ಲಿಕನ್ ಸಮಾವೇಶದಲ್ಲಿ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಜಾರ್ಜ್ ಬುಷ್, ನನ್ನ ತುಟಿ ನೋಡಿಕೊಳ್ಳಿ, ಹೊಸ ತೆರಿಗೆ ಇಲ್ಲ ಎಂದು ಸಾರಿದ್ದರು. ಅಧ್ಯಕ್ಷರಾಗಿ, ಆ ಮಾತಿಗೆ ಎರಡು ವರ್ಷ ತುಂಬುವ ಮೊದಲೇ, ಬಜೆಟ್ ಕೊರತೆ ತಗ್ಗಬೇಕಾದರೆ ತೆರಿಗೆ ವರಮಾನ ಏರಲೇಬೇಕು ಎಂದು ಒಪ್ಪಿಕೊಂಡರು. ಸಂಪ್ರದಾಯವಾದಿಗಳ ಎದೆಯಲ್ಲಿ ಇನ್ನೊಂದು ಹಳೆಯ ಗಾಯವೂ ಇತ್ತು. 1982ರಲ್ಲಿ ಆಗಿನ ಅಧ್ಯಕ್ಷ ರೇಗನ್ ತೆರಿಗೆ ಏರಿಕೆಗೆ ಒಪ್ಪಿದಾಗ, ಏರಿಸಿದ ಪ್ರತಿ ಡಾಲರಿಗೆ ಮೂರು ಡಾಲರ್ ಖರ್ಚು ಕಡಿತದ ಭರವಸೆ ಸಿಕ್ಕಿತ್ತು. ತೆರಿಗೆ ಬಂತು, ಕಡಿತ ಬರಲಿಲ್ಲ ಎಂಬುದು ಅವರ ದೂರು. ಒಮ್ಮೆ ಕೈ ಸುಟ್ಟುಕೊಂಡವರ ಅನುಮಾನವನ್ನು ನಾನು ಹಗುರವಾಗಿ ಕಾಣಲಾರೆ.

ಆದರೆ ಅವರು ಮಾಡಿದ್ದೇನು? ಸೆಪ್ಟೆಂಬರ್ 30ರಂದು ಶ್ವೇತಭವನದ ರೋಸ್ ಗಾರ್ಡನ್‌ನಲ್ಲಿ ಕೊರತೆ ತಗ್ಗಿಸಲು ಎರಡೂ ಪಕ್ಷಗಳ ನಾಯಕರು ಮಾಡಿಕೊಂಡ ಬಜೆಟ್ ಒಪ್ಪಂದ ಪ್ರಕಟವಾಗುವಾಗ, ಮಾತುಕತೆಯಲ್ಲಿ ಕೂತಿದ್ದ ಪ್ರತಿನಿಧಿ ಸಭೆಯ ರಿಪಬ್ಲಿಕನ್ ನಾಯಕರಲ್ಲೊಬ್ಬರಾದ ನ್ಯೂಟ್ ಗಿಂಗ್ರಿಚ್ ಬುಷ್ ಪಕ್ಕ ನಿಲ್ಲದೆ ಹೊರಟುಹೋದರು. ಅಕ್ಟೋಬರ್ 5ರಂದು ಪ್ರತಿನಿಧಿ ಸಭೆ ಅದನ್ನು 254-179ರಲ್ಲಿ ಬೀಳಿಸಿತು. ಡೆಮಾಕ್ರಾಟರೂ ಬಹಳ ಮಂದಿ ವಿರೋಧಿಸಿದ್ದರು. ಅಧ್ಯಕ್ಷರ ಸ್ವಂತ ಪಕ್ಷದ 105 ಮಂದಿ ಬೇಡವೆಂದರು, 71 ಮಂದಿ ಮಾತ್ರ ಬೇಕೆಂದರು. ಖರ್ಚಿಗೆ ಒಪ್ಪಿಗೆ ಸಿಗದೆ ಸರ್ಕಾರದ ಬಾಗಿಲು ಮುಚ್ಚಿತು. ಆ ವಾರಾಂತ್ಯ ಊರಿಂದ ಬಂದಿದ್ದ ಅಣ್ಣನನ್ನು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಬೀಗ ನೋಡಿಕೊಂಡು ವಾಪಸಾದೆ.

ಬಿದ್ದುಹೋದ ಆ ಒಪ್ಪಂದದಲ್ಲಿ ಆದಾಯ ತೆರಿಗೆಯ ದರ ಏರಿರಲಿಲ್ಲ ಎಂಬುದನ್ನು ಜನ ಮರೆತೇಬಿಟ್ಟಿದ್ದಾರೆ. ಗರಿಷ್ಠ ದರ ಶೇ 28ರಲ್ಲೇ ಇತ್ತು. ಎರಡೂ ಸದನ ಡೆಮಾಕ್ರಾಟರ ಕೈಯಲ್ಲಿದ್ದವು. ತನ್ನವರೇ ಕೈಕೊಟ್ಟ ಮೇಲೆ ಬುಷ್ ಮತಕ್ಕಾಗಿ ಅವರ ಬಳಿಗೇ ಹೋಗಬೇಕಾಯಿತು. ಹಾಗಾಗಿ ಎರಡನೆಯ ಕರಡಿನಲ್ಲಿ ದರ 31ಕ್ಕೆ ಏರಿತು. ಅಕ್ಟೋಬರ್ 27ರಂದು ಅದು 228-200ರಲ್ಲಿ ಪಾಸಾಯಿತು; ರಿಪಬ್ಲಿಕನ್ನರಲ್ಲಿ ಪರ ನಿಂತವರು 47 ಮಂದಿ.

ಖರ್ಚಿಗೆ ಮಿತಿ, ಹೊಸ ಸವಲತ್ತು ಕೊಟ್ಟರೂ ತೆರಿಗೆ ಇಳಿಸಿದರೂ ಆ ಹಣವನ್ನು ಬೇರೆ ಕಡೆಯಿಂದ ತುಂಬಿಸಬೇಕೆಂಬ ನಿಯಮ: 1982ರ ದೂರಿಗೆ ಉತ್ತರ ಈ ಕಾಯ್ದೆಯಲ್ಲೇ ಇತ್ತು. ಮಾಲೀಕನ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರವಿ ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದೆ. ಪೂರ್ತಿ ಕೇಳಿದ. ‘ಸರಿ, ಕೊಟ್ಟ ಮಾತು?’ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೂ ಆ 105 ಮಂದಿ ಮೇಜು ಬಿಟ್ಟೇಳದೆ ಚೌಕಾಸಿ ಮಾಡಿದ್ದರೆ, ಅವನಿಗೆ ಆ 28ನ್ನಾದರೂ ಉಳಿಸಿಕೊಡಬಹುದಿತ್ತು ಎಂದೇ ನಂಬಿದ್ದೇನೆ.